ಹಾರ್ನಣ್ಣನ ಹೊಟ್ಟೆಕಿಚ್ಚು

ಕಾರು ರಿಪೇರಿ ಮಾಡುವವರು ನಮ್ಮ ಬೀದಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಾರ್ನ್ ಕೆಟ್ಟರೆ ಮಾತ್ರ ಎಲ್ಲರೂ ಬೆರಳು ತೋರಿಸುವುದು ಮೂಲೆಯ ಶೆಡ್ಡಿನ ಕಡೆಗೆ. ಅಲ್ಲಿರುವವನನ್ನು ಹೆತ್ತವರಿಟ್ಟ ಹೆಸರಿನಿಂದ ಕರೆದರೆ ತಿರುಗಿಯೂ ನೋಡುವುದಿಲ್ಲ. ಹಾರ್ನಣ್ಣ ಎಂದರೆ ಓಗೊಡುತ್ತಾನೆ. ಕೈಗುಣ ಒಳ್ಳೆಯದು, ಹೊಟ್ಟೆಕಿಚ್ಚು ಮಾತ್ರ ಕೆಟ್ಟದ್ದು. ತಮ್ಮನ ಮೇಲಂತೂ ಚಿಕ್ಕಂದಿನಿಂದಲೂ. ಅಕ್ಕ ಪೆಪ್ಪರಮೆಂಟನ್ನು ಕಚ್ಚಿ ಎರಡು ಮಾಡಿದರೆ ದೊಡ್ಡ ಚೂರು ತಮ್ಮನಿಗೇ ಹೋಗುತ್ತಿತ್ತೆಂದು ಇಂದಿಗೂ ಗೊಣಗುತ್ತಾನೆ. ಇಬ್ಬರನ್ನೂ ಸಾಕಿದವಳು ಆ ಅಕ್ಕನೇ. ಈಗ ಶಾಲೆಯ ವ್ಯಾನ್ ಓಡಿಸುತ್ತಾಳೆ.

ಕಳೆದ ಭಾನುವಾರ ಅವಳ ವ್ಯಾನಿನ ಹಾರ್ನ್ ಬಾಯಿ ಕಟ್ಟಿತು. ಅವಳು ಕರೆದದ್ದು ಯಾರನ್ನು? ಸೀಟಿಗೆ ಕವರು ಹೊಲಿಯುವ ತಮ್ಮನನ್ನು! ಸುದ್ದಿ ಕೇಳಿ ಹಾರ್ನಣ್ಣನಿಗೆ ಮೈಯೆಲ್ಲ ಉರಿಯಿತು. ಕರೆಯದಿದ್ದರೂ ಹೋದ.

ಹೋಗಿ ನೋಡಿದರೆ ತಮ್ಮ ಹೊಸ ಹಾರ್ನ್ ತಂದು ಕೂರಿಸಿದ್ದಾನೆ, ಅದೂ ಮೂಕ. ಪಕ್ಕದಲ್ಲಿ ಅಕ್ಕ ಬಕೆಟ್ ಬೋರಲು ಹಾಕಿಕೊಂಡು ಕೂತು, ಅವನ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದಾಳೆ. ಆಗಲೇ ಎರಡನೆಯ ಸುತ್ತಿನ ಚಹಾ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಸರಿ ಆಚೆ," ಎಂದ ಹಾರ್ನಣ್ಣ. "ಅಕ್ಕ, ಬಟನ್ ಒತ್ತು."

ಬಾನೆಟ್ಟಿನೊಳಗೆ ಟಿಕ್ ಎಂದಿತು.

"ಕೇಳಿಸ್ತಾ? ಅದು ರಿಲೇ. ಬಟನ್ನಿಂದ ಅದಕ್ಕೆ ಚೂರು ಕರೆಂಟ್ ಸಾಕು, ಬ್ಯಾಟರಿಯಿಂದ ದೊಡ್ಡ ಕರೆಂಟನ್ನ ಅದೇ ಹಾರ್ನಿಗೆ ಬಿಡುತ್ತೆ. ಹಾರ್ನೊಳಗಿನ ತಗಡು ಅದುರಿದ್ರೆ ಸದ್ದು. ಆದ್ರೆ ಹೋದ ಕರೆಂಟ್ ವಾಪಸ್ ಬರೋಕೆ ದಾರಿ ಬೇಡ್ವೇನೋ? ಅರ್ತ್ ವೈರ್ ನೋಡು, ಬರೀ ತುಕ್ಕು!"

ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿದ. ಹಾರ್ನ್ ಬೀದಿಗೆಲ್ಲ ಕೇಳುವಂತೆ ಕೂಗಿತು. ತಮ್ಮನ ಮುಖ ಸಪ್ಪಗಾದದ್ದು ನೋಡಿ ಹಾರ್ನಣ್ಣನಿಗೆ ಹಾಲು ಕುಡಿದಷ್ಟು ಸಂತೋಷ. ಅಕ್ಕನ ಮುಖವೂ ಸಪ್ಪಗಾಗಿತ್ತು.

"ಈಗ ಹೇಳು. ನನ್ನ ಬಿಟ್ಟು ಇವನನ್ಯಾಕೆ ಕರೆದೆ?" ಎಂದು ಅವಳನ್ನು ಕೇಳಿದ.

"ನೀನು ಬಂದ್ರೆ ಐದು ನಿಮಿಷ ಕಣೋ. ಟಪ್ ಅಂತ ಸರಿ ಮಾಡಿ, ಕೈ ಒರೆಸ್ಕೊಂಡು ಹೊರಟುಬಿಡ್ತೀಯ. ಇವನಿಗೆ ಏನೂ ಬರಲ್ಲ. ಅದಕ್ಕೇ ಸಂಜೆವರೆಗೂ ನನ್ ಜೊತೆ ಇರ್ತಾನೆ."

ಇಷ್ಟು ವರ್ಷ ತಮ್ಮ ಇಲ್ಲಿ ಕೂತು ಕುಡಿದ ಚಹಾವನ್ನೆಲ್ಲ ನೆನೆದು ಹಾರ್ನಣ್ಣನ ಹೊಟ್ಟೆ ಇನ್ನಷ್ಟು ಉರಿಯಿತು. ಸ್ಪ್ಯಾನರ್ ಎತ್ತಿಕೊಂಡು, ಬಿಗಿದ ಬೋಲ್ಟನ್ನೇ ಮತ್ತೆ ಸಡಿಲಿಸಿದ.

"ಇದು ಇವತ್ತಿಗೆ ಮುಗಿಯೋ ಕೆಲ್ಸ ಅಲ್ಲ ಅಕ್ಕ. ಅವನನ್ನ ಮನೆಗೆ ಕಳಿಸು."