ಸೋಪು ಸವೆಯುವ ತನಕ

ಕೇರಿಯವರು ಅವಳನ್ನು ಬಿಲ್ಲೆಯಮ್ಮ ಎಂದು ಕರೆಯುತ್ತಿದ್ದರು. ಹಿಂದಿನಿಂದಲ್ಲ, ಎದುರಿಗೇ. ಬಟ್ಟೆ ಸೋಪಿನ ಬಿಲ್ಲೆಯ ವಿಷಯದಲ್ಲಿ ಅವಳಷ್ಟು ಜಿಪುಣಿ ಆ ಸುತ್ತಿನಲ್ಲಿ ಇನ್ನೊಬ್ಬಳಿರಲಿಲ್ಲ. ಹೊಸ ಬಿಲ್ಲೆ ತಂದರೆ ಮೇಲಿನ ಕಾಗದ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟು ಒಣಗಿಸುವಳು. ಚೆನ್ನಾಗಿ ಒಣಗಿದ್ದು ಬೇಗ ಕರಗುವುದಿಲ್ಲ. ಸೋಪು ಉಜ್ಜುವುದು ಕಾಲರಿಗೆ, ತೋಳಿನ ಅಂಚಿಗೆ ಮಾತ್ರ. ಮಿಕ್ಕಿದ್ದಕ್ಕೆ ಅದರ ನೊರೆಯೇ ಸಾಕು. ಒಗೆದಾದ ಮೇಲೆ ಬಿಲ್ಲೆಯನ್ನು ತೂತಿನ ಡಬ್ಬಿಯಲ್ಲಿ ನಿಲ್ಲಿಸಿಡಬೇಕು, ಮಲಗಿಸಿದರೆ ಅಡಿಭಾಗ ಮೆತ್ತಗಾಗುತ್ತದೆ. ಯಾರಾದರೂ ಮರೆತು ಅದನ್ನು ಬಕೆಟ್ಟಿನ ನೀರಿನಲ್ಲಿ ಬಿಟ್ಟರೋ, ಆ ದಿನವೆಲ್ಲ ಅವರ ಗ್ರಹಚಾರ ಬಿಡಿಸುತ್ತಿದ್ದಳು.

ಈ ಜಿಪುಣತನಕ್ಕೆ ಕಾರಣ ಮನೆಯ ಮುಂದಿನ ಕೋಣೆಯಲ್ಲಿತ್ತು. ಅಲ್ಲಿ ಅವಳ ಗಂಡನ ಹೊಲಿಗೆ ಅಂಗಡಿ. ಬಿಲ್ಲೆ ಸವೆದು ಸವೆದು ಎಲೆಯಷ್ಟು ತೆಳ್ಳಗಾದರೆ, ಆ ಚಕ್ಕೆ ದರ್ಜಿಯ ಪಾಲು. ಅದರಲ್ಲೇ ಅವನು ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದ. ಸೀಮೆಸುಣ್ಣ ಉದುರುತ್ತದೆ, ಪೆನ್ಸಿಲ್ಲಿನ ಗೆರೆ ಬಟ್ಟೆಗೇ ಅಂಟಿಕೊಳ್ಳುತ್ತದೆ; ಸೋಪಿನ ಗೆರೆ ಹೊಲಿಗೆ ಮುಗಿಯುವ ತನಕ ಇದ್ದು ಮೊದಲ ಒಗೆತಕ್ಕೇ ಮಾಯವಾಗುತ್ತದೆ.

ಗಂಡಹೆಂಡತಿ ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಜಗಳವಾದರೆ ಮಾತು ಬಂದ್. 'ತಪ್ಪಾಯ್ತು' ಎನ್ನುವ ಮಾತು ಇಬ್ಬರ ಬಾಯಲ್ಲೂ ಹುಟ್ಟಿದ್ದೇ ಇಲ್ಲ. ಅದರ ಬದಲಿಗೆ ಈ ಚಕ್ಕೆ. ತಪ್ಪು ಅವಳದಾದರೆ ಸುಮ್ಮನೆ ಬಂದು ಹೊಲಿಗೆ ಮಷೀನಿನ ಹಲಗೆಯ ಮೇಲೆ ಒಂದು ಚಕ್ಕೆ ಇಟ್ಟು ಹೋಗುವಳು. ತಪ್ಪು ಅವನದಾದರೆ ಅಡುಗೆಮನೆಯ ಬಾಗಿಲಿಗೆ ಬಂದು, ಗೋಡೆ ನೋಡುತ್ತಾ, "ಚಕ್ಕೆ ಇದೆಯಾ?" ಎನ್ನುವನು. ಅಲ್ಲಿಗೆ ಜಗಳ ಮುಗಿಯಿತು. ಯಾರದು ಸರಿ ಎಂಬ ಚರ್ಚೆಯೇ ಇಲ್ಲ. ಇದನ್ನು ಯಾರು ಯಾವಾಗ ಶುರು ಮಾಡಿದರೋ, ಇಬ್ಬರಿಗೂ ನೆನಪಿರಲಿಲ್ಲ.

ಪಕ್ಕದ ಬೀದಿಯಲ್ಲಿದ್ದ ಮಗಳು, ಅಮ್ಮನ ಸೊಂಟನೋವು ನೋಡಲಾರದೆ, ವಾಷಿಂಗ್ ಮಷೀನು ತಂದು ಕೂರಿಸಿದಳು. ಅದರ ಜೊತೆಗೆ ಪುಡಿ ಬಂತು. ಪುಡಿ ಬಂದ ಮೇಲೆ ಬಿಲ್ಲೆ ಮನೆಗೆ ಬರಲಿಲ್ಲ, ಡಬ್ಬಿಯಲ್ಲಿದ್ದ ಚಕ್ಕೆಗಳೂ ಮುಗಿದುವು. ದರ್ಜಿ ಗೊಣಗುತ್ತಾ ಸೀಮೆಸುಣ್ಣ ತಂದುಕೊಂಡ. ಅದೃಷ್ಟಕ್ಕೆ ಆ ತಿಂಗಳುಗಳಲ್ಲಿ ದೊಡ್ಡ ಜಗಳವೇನೂ ಆಗಲಿಲ್ಲ.

ಆಮೇಲೆ ಆ ದಿನ ಬಂತು. ಮೂಲೆಮನೆಯ ಟೀಚರ್ ಕೋಟು ಹೊಲಿಸಲು ದುಬಾರಿ ಬಟ್ಟೆ ತಂದಿದ್ದರು. ದರ್ಜಿಯ ಬಲಗೈ ಕೆಲವು ದಿನಗಳಿಂದ ನಡುಗುತ್ತಿತ್ತು. ಅದು ಅವನಿಗೆ ಗೊತ್ತು, ಅವಳಿಗೂ ಗೊತ್ತು, ಬಾಯಿಬಿಟ್ಟು ಹೇಳಿದವರಿಲ್ಲ. ಇಂಥ ಬಟ್ಟೆ ಕೆಟ್ಟರೆ ಇವನು ತಲೆ ಎತ್ತಿ ಓಡಾಡುವುದು ಹೇಗೆ ಎಂದು ಅವಳಿಗೆ ದಿಗಿಲಾಯಿತು. ಆ ದಿಗಿಲಿನಲ್ಲಿ ನಾಲಿಗೆ ಜಾರಿತು.

"ಇದು ಬೇರೆ ಕಡೆ ಕೊಡಿ ಟೀಚರ್. ಇವರ ಕೈ ಈಗ ಮೊದಲಿನ ಹಾಗಿಲ್ಲ."

ದರ್ಜಿ ಬಟ್ಟೆಯನ್ನು ನೀಟಾಗಿ ಮಡಚಿ ಟೀಚರ್ ಕೈಗೆ ಕೊಟ್ಟ. ಹೊಲಿಗೆ ಮಷೀನಿಗೆ ಮುಸುಕು ಹಾಕಿ ಕಿಟಕಿಯ ಪಕ್ಕ ಹೋಗಿ ಕೂತ. ಮರುದಿನವೂ ಮುಸುಕು ತೆಗೆಯಲಿಲ್ಲ, ಅದರ ಮರುದಿನವೂ ಇಲ್ಲ. ಮಾತು ನಿಂತದ್ದು ಅವಳಿಗೆ ಹೊಸದಲ್ಲ. ಮಷೀನಿನ ಸದ್ದು ನಿಂತದ್ದು ಹೊಸದು. ತಾನೇ ಅವನ ಕೈ ಕಟ್ಟಿಹಾಕಿದೆ ಎಂದು ತನ್ನನ್ನೇ ಬೈದುಕೊಂಡಳು.

ಚಕ್ಕೆಗಾಗಿ ಮನೆಯೆಲ್ಲ ಹುಡುಕಿದಳು. ಇರಲಿಲ್ಲ. ಅಂಗಡಿಗೆ ಹೋಗಿ ಹೊಸ ಬಿಲ್ಲೆ ತಂದಳು. ಅದೋ ಇಟ್ಟಿಗೆಯ ಹಾಗೆ ದಪ್ಪಗೆ ಕೂತಿತ್ತು.

"ಚಾಕು ತಗೊಂಡು ಒಂದು ಚೂರು ಕತ್ತರಿಸಿ ಕೊಟ್ಟುಬಿಡಮ್ಮ," ಎಂದಳು ನೋಡಲು ಬಂದಿದ್ದ ಮಗಳು.

"ಕತ್ತರಿಸಿದ್ದು ತುಂಡು ಕಣೇ, ಚಕ್ಕೆ ಅಲ್ಲ. ಅವರ ಕೈಗೆ ಗೊತ್ತಾಗಲ್ವಾ?"

ಹಾಗಾಗಿ ಬಿಲ್ಲೆಯಮ್ಮ ಒಗೆಯಲು ನಿಂತಳು. ಜೀವಮಾನವಿಡೀ ಸೋಪು ಉಳಿಸಿದವಳು ಈಗ ಸೋಪು ಮುಗಿಸಲು ಟೊಂಕ ಕಟ್ಟಿದಳು. ಬಿಲ್ಲೆ ಒಣಗಿಸಲಿಲ್ಲ, ಹಸಿಯದನ್ನೇ ಉಜ್ಜಿದಳು. ಪರದೆ ಒಗೆದಳು, ಕಾಲೊರೆಸು ಒಗೆದಳು, ಕಪಾಟಿನಲ್ಲಿ ಮಡಚಿಟ್ಟಿದ್ದ ಶುಭ್ರ ಹೊದಿಕೆಗಳನ್ನು ಎಳೆದು ತಂದು ಒಗೆದಳು. ಕೊನೆಗೆ ವಾಷಿಂಗ್ ಮಷೀನಿನ ಮೇಲೆ ಹೊದಿಸಿದ್ದ ಬಟ್ಟೆಯನ್ನೂ ಕಲ್ಲಿನ ಮೇಲೆ ಹಾಕಿ ಕುಕ್ಕಿದಳು. ಮಷೀನು ಕೆಟ್ಟಿರಬೇಕೆಂದು ಕೇರಿಯವರು ಮಾತಾಡಿಕೊಂಡರು. ಅದು ಮಗಳ ಕಿವಿಗೆ ಬಿತ್ತು; ಅಮ್ಮ ಸೋಪು ಸವೆಸುತ್ತಿದ್ದಾಳೆಂದು ಹೊಳೆಯದೆ ಅವಳು ರಿಪೇರಿಯವನನ್ನು ಕಳಿಸಿದಳು. ಅವನು ಮಷೀನನ್ನು ತಿರುಗಿಸಿ ನೋಡಿ, ನೀರು ಬಿಟ್ಟು ನೋಡಿ, ತಲೆ ಕೆರೆದುಕೊಂಡ.

"ಇದು ಸರಿಯಾಗೇ ಇದೆಯಲ್ಲಮ್ಮ. ಕೆಟ್ಟಿರೋದು ಯಾವುದು?"

"ಅದು ಮುಂದಿನ ಕೋಣೇಲಿದೆ," ಎಂದಳು.

ಅವನು ಇಣುಕಿದ. ಮುಸುಕು ಹಾಕಿದ ಹೊಲಿಗೆ ಮಷೀನು, ಅದರ ಪಕ್ಕ ಮುಖ ಊದಿಸಿಕೊಂಡ ಗಂಡಸು. "ಅದು ನಮಗೆ ಬರೋ ಕೆಲಸ ಅಲ್ಲಮ್ಮ," ಎಂದು ಚೀಲ ಹೆಗಲಿಗೇರಿಸಿ ಹೊರಟ.

ಒಂದು ಬೆಳಿಗ್ಗೆ ಬಕೆಟ್ಟಿಗೆ ಕೈ ಹಾಕಿದರೆ ಗಂಡನ ಬಿಳಿ ಅಂಗಿ ಸಿಕ್ಕಿತು. ಹಿಂದಿನ ದಿನವಷ್ಟೇ ಒಗೆದು ಮಡಚಿಟ್ಟದ್ದು. ಎದೆಯ ಮೇಲೆ ಅಂಗೈಯಗಲ ಎಣ್ಣೆ. ಮೊದಲು ಅವಳ ಪಿತ್ತ ನೆತ್ತಿಗೇರಿತು. ಹೊಸಿಲು ದಾಟದ ಮನುಷ್ಯನಿಗೆ ಇಷ್ಟು ಎಣ್ಣೆ ಎಲ್ಲಿಂದ ಬಂತು? ಮೂಸಿ ನೋಡಿದಳು. ಹೊಲಿಗೆ ಮಷೀನಿಗೆ ಬಿಡುವ ಎಣ್ಣೆ. ಮುಸುಕು ಹಾಕಿದ ಮಷೀನಿಗೆ ಎಣ್ಣೆ ಯಾರು ಬಿಡುತ್ತಾರೆ? ಅಂಗಿಯ ಕೆಳಗೆ ಚಹಾ ಚೆಲ್ಲಿಕೊಂಡ ಪ್ಯಾಂಟು ಇತ್ತು. ಮೊನ್ನೆ ದಿಂಬಿನ ಚೀಲಕ್ಕೂ ಚಹಾ ಬಿದ್ದಿತ್ತು. ಅದನ್ನು ಪಾಪ, ಕೈ ನಡುಗಿ ಚೆಲ್ಲಿದ್ದು ಎಂದುಕೊಂಡಿದ್ದಳು.

ಎಣ್ಣೆಯ ಕಲೆ ಎಷ್ಟು ಸೋಪು ತಿನ್ನುತ್ತದೆ ಎಂಬುದು ಈ ಮನೆಯಲ್ಲಿ ಅವನಿಗೂ ಚೆನ್ನಾಗಿ ಗೊತ್ತಿತ್ತು. ಅವಳು ಹೊರಗೆ ಸೋಪು ಸವೆಸುತ್ತಿದ್ದರೆ ಅವನು ಒಳಗೆ ಕೂತು ಬಟ್ಟೆ ಕೊಳೆ ಮಾಡುತ್ತಿದ್ದ. ಬಿಲ್ಲೆಯಮ್ಮ ಒಗೆಯುವ ಕಲ್ಲಿನ ಮೇಲೆ ಕೂತು, ಯಾರು ನೋಡಿದರೂ ನೋಡಲಿ ಎಂದು ಅತ್ತಳು. ಅಳುತ್ತಲೇ ನಗು ಬಂತು.

ಬಿಲ್ಲೆ ಇನ್ನೂ ಹೆಬ್ಬೆರಳಿನಷ್ಟು ದಪ್ಪವಿತ್ತು. ಅದನ್ನೇ ಹಿಡಿದುಕೊಂಡು ಒದ್ದೆ ಕಾಲಲ್ಲಿ ಮುಂದಿನ ಕೋಣೆಗೆ ಹೋದಳು. ಚಕ್ಕೆಯಲ್ಲದ್ದನ್ನು ಹಲಗೆಯ ಮೇಲೆ ಹೇಗೆ ಇಡುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತಳು.

ಅವನು ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದ: "ಚಕ್ಕೆ ಇದೆಯಾ?"

"ನೀವ್ಯಾಕೆ ಕೇಳ್ತೀರಿ? ತಪ್ಪು ನಂದು."

"ಕೈ ನಂದಲ್ವಾ," ಎಂದ.

ಎದ್ದು ಬಂದು ಮಷೀನಿನ ಮುಸುಕು ತೆಗೆದ. ಹಳೆಯ ಬಟ್ಟೆಯ ಚೂರೊಂದನ್ನು ಹಲಗೆಯ ಮೇಲೆ ಹರಡಿ, ಅವಳ ಕೈಯಿಂದ ಬಿಲ್ಲೆ ತೆಗೆದುಕೊಂಡು ಅದರ ಅಂಚಿನಿಂದ ಒಂದು ಗೆರೆ ಎಳೆದ. ಗೆರೆ ದಪ್ಪಗಿತ್ತು, ನಡುವೆ ಎರಡು ಕಡೆ ಅಲುಗಿತ್ತು. ಇಬ್ಬರೂ ಅದನ್ನೇ ನೋಡಿದರು.

"ಸೊಟ್ಟ ಬಂತು," ಎಂದ.

"ಸೋಪು ತಾನೇ. ಒಗೆದರೆ ಹೋಗುತ್ತೆ. ಇನ್ನೊಂದು ಎಳೀರಿ," ಎಂದು ಬಿಲ್ಲೆಯಮ್ಮ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಬಟ್ಟೆ ಜರುಗದ ಹಾಗೆ ಎರಡೂ ಬದಿ ಒತ್ತಿ ಹಿಡಿದಳು.