ಹೊಟ್ಟೆಯ ಮೇಲೊಂದು ಬಾಯಿ

ಅವತ್ತೂ ಎಂದಿನಂತೆ ಐದೂವರೆಗೆ ಎದ್ದು, ಬಾಗಿಲ ಹಿಡಿಗೆ ತೂಗುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದುಕೊಂಡೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಕುಕ್ಕರ್ ಇಟ್ಟು, ಬಾಲ್ಕನಿಯ ತುಳಸಿಗೆ ಒಂದು ಚೊಂಬು ನೀರು ಹಾಕಿದೆ. ತುಳಸಿಗೆ ನೀರು ಹಾಕುವುದು ಈ ಮನೆಯಲ್ಲಿ ಅತ್ತೆಯ ಕೆಲಸ. ಎರಡು ತಿಂಗಳಿಂದ ನನ್ನ ಪಾಲಿಗೆ ಬಂದಿತ್ತು. ನನ್ನ ಯಜಮಾನರು ಅಂಬತ್ತೂರಿನ ಫ್ಯಾಕ್ಟರಿಗೆ ಏಳು ಗಂಟೆಯ ಟ್ರೈನು ಹಿಡಿಯುವವರು. ಅವರ ಕೈಗೆ ಊಟದ ಕ್ಯಾರಿಯರ್ ಕೊಟ್ಟು ಕಳಿಸಿ, ಹೊಲಿಗೆ ಡಬ್ಬಿಯಿಂದ ಪುಟ್ಟ ಕತ್ತರಿ ತೆಗೆದೆ. ಕಾನ್ವೆಂಟಿನ ಕಸೂತಿ ಕ್ಲಾಸಿನಿಂದ ನನ್ನ ಜೊತೆಗೇ ಬಂದ, ಕೊಕ್ಕರೆಯ ಕೊಕ್ಕಿನಂಥ ಕತ್ತರಿ ಅದು. ಅವತ್ತು ಅತ್ತೆಯ ಚೀಲ ಬದಲಿಸುವ ದಿನ.

ಅತ್ತೆಯ ದೊಡ್ಡ ಕರುಳಿನಲ್ಲಿದ್ದ ಗಡ್ಡೆಯನ್ನು ತೆಗೆದ ಡಾಕ್ಟರು, ಒಳಗಿನ ಹೊಲಿಗೆ ಮಾಗುವವರೆಗೆ ಎಂದು, ಸಣ್ಣ ಕರುಳನ್ನು ಹೊಟ್ಟೆಯ ಬಲಗಡೆ ಒಂದಿಷ್ಟು ಹೊರಗೆಳೆದು ಕೂರಿಸಿದ್ದರು. ಅದರ ಮೇಲೆ ಒಂದು ಚೀಲ. ಕೆಲವೇ ತಿಂಗಳ ಮಾತು, ಮೈ ತುಂಬಿಕೊಂಡರೆ ಮತ್ತೆ ಒಳಗೆ ಸೇರಿಸುತ್ತೇವೆ, ತೂಕ ಏರದಿದ್ದರೆ ಮಾತ್ರ ನಾವು ಕೈಹಾಕುವುದಿಲ್ಲ ಎಂದಿದ್ದರು. ಅತ್ತೆಯ ತೂಕ ಇಳಿಯುತ್ತಲೇ ಇತ್ತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಅತ್ತೆ ಉಡುಪಿ ಕಡೆಯ ಮಡಿಯ ಹೆಂಗಸು. ಮಾವ ಇಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಸಾರಿನ ಪುಡಿ ಅತ್ತೆಯೇ ಹುರಿದು ಕಳಿಸಬೇಕಿತ್ತಂತೆ, ಬೇರೆಯವರ ಕೈಯದು ಆಗುತ್ತಿರಲಿಲ್ಲ. ಅಂಥವರು ಆಸ್ಪತ್ರೆಯಿಂದ ಬಂದ ದಿನವೇ ಅಡುಗೆಮನೆಯ ಹೊಸ್ತಿಲಾಚೆ ನಿಂತು, ಇನ್ನು ನಾನು ಇದರೊಳಗೆ ಕಾಲಿಡುವವಳಲ್ಲ ಎಂದುಬಿಟ್ಟರು. ಒಲೆ, ದೇವರ ದೀಪ, ತುಳಸಿ ಮೂರೂ ಬಿಟ್ಟಾಯಿತು. ತನ್ನಿಂದ ವಾಸನೆ ಬರುತ್ತದೆ ಎಂಬ ಭಯ ಬೇರೆ. ಪಕ್ಕದ ಫ್ಲ್ಯಾಟಿನ ಮಾಮಿ ಬೆಲ್ ಒತ್ತಿದರೆ ಸಾಕು, ಕೋಣೆಯ ಬಾಗಿಲು ಹಾಕಿಕೊಳ್ಳುವರು. ಯಾರಿಗೂ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಮಾಮಿ ಕೇಳಿದರೆ ಅತ್ತೆ ಊರಿಗೆ ಹೋಗಿದ್ದಾರೆ ಎನ್ನುತ್ತಿದ್ದೆ. ನಾನು ಚೀಲ ಬದಲಿಸುವಾಗ ಮುಖ ಗೋಡೆಯ ಕ್ಯಾಲೆಂಡರ್ ಕಡೆಗೆ. ಅವರ ಬಾಯಲ್ಲಿ ಅದು ‘ಆ ತೂತು’. ಒಂದು ದಿನವೂ ಅದನ್ನು ನೋಡಿರಲಿಲ್ಲ.

ನೋಡಿದವಳು ನಾನು. ಮೊದಲ ದಿನ ನನಗೂ ಮುಖ ತಿರುಗಿಸಬೇಕೆನಿಸಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆಸ್ಪತ್ರೆಯ ನರ್ಸಮ್ಮ ನನಗೆ ಕಲಿಸಿಕೊಡುತ್ತ ‘ಸ್ಟೋಮಾ’ ಎಂದಾಗ ನಾನು ಮನಸ್ಸಿನಲ್ಲೇ ಎಗ್ಮೋರಿನ ಕಾನ್ವೆಂಟಿನ ಲ್ಯಾಬಿಗೆ ಹೋಗಿಬಿಟ್ಟೆ. ಹಿಂಭಾಗ ನೇರಳೆ ಬಣ್ಣವಿರುವ ಒಂದು ಎಲೆಯ ಸಿಪ್ಪೆಯನ್ನು ತೆಳ್ಳಗೆ ಸುಲಿದು, ನೀರಿನ ಹನಿಯಲ್ಲಿಟ್ಟು, ಬಯಾಲಜಿಯ ಸಿಸ್ಟರ್ ನಮ್ಮನ್ನು ಒಬ್ಬೊಬ್ಬರಾಗಿ ಮೈಕ್ರೋಸ್ಕೋಪಿನ ಮುಂದೆ ನಿಲ್ಲಿಸಿದ್ದರು. ಎಲೆಯ ತುಂಬ ಎರಡೆರಡು ತುಟಿಗಳ ಪುಟ್ಟ ಪುಟ್ಟ ಬಾಯಿಗಳು. ಇವಕ್ಕೆ ಸ್ಟೋಮಾ ಅಂತ ಹೆಸರು, ಗ್ರೀಕ್ ಭಾಷೆಯಲ್ಲಿ ಬಾಯಿ ಎಂದರ್ಥ ಎಂದಿದ್ದರು. ಅರ್ಥ ತಿಳಿದರೆ ಉರುಹೊಡೆಯುವುದು ಬೇಡ ಎನ್ನುವುದು ಅವರ ಪಾಠದ ಕ್ರಮ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾವು ಬರೆದುಕೊಳ್ಳುತ್ತಿದ್ದೆವು. ಜಠರದ ಕೆಳತುದಿಯ ಪೈಲೋರಸ್ ಎಂದರೆ ಬಾಗಿಲು ಕಾಯುವವನು. ಹಸುಗೂಸಿನ ನೆತ್ತಿಯಲ್ಲಿ ಮೆತ್ತಗೆ ಮಿಡಿಯುವ ಫಾಂಟನೆಲ್ ಎಂದರೆ ಪುಟ್ಟ ಚಿಲುಮೆ. ಬೆಳಕು ಒಳಗೆ ಹೋಗುವ ಕಣ್ಣಿನ ರಂಧ್ರಕ್ಕೆ ಇಂಗ್ಲಿಷಿನವರ ಹೆಸರು ಪ್ಯೂಪಿಲ್, ಲ್ಯಾಟಿನ್ನಿನ ಪುಟ್ಟ ಬೊಂಬೆಯಿಂದ ಬಂದದ್ದು. ನಮ್ಮ ಮನೆಯಲ್ಲಿ ಕಣ್ಣಿನ ಪಾಪೆ ಅನ್ನುವುದು ನೆನಪಾಗಿ, ಅಷ್ಟು ದೂರದವರಿಗೂ ನಮಗೂ ಒಬ್ಬರ ಕಣ್ಣೊಳಗೆ ಇಣುಕಿದಾಗ ಅದೇ ಬೊಂಬೆ ಕಂಡಿತಲ್ಲ ಎಂದು ಮೈ ಜುಮ್ಮೆಂದಿತ್ತು. ಇನ್ನು ಕೆಲವು ಬಾಗಿಲುಗಳ ಹತ್ತಿರ ಬಂದಾಗ ಸಿಸ್ಟರ್ ಸಣ್ಣಗೆ ಕೆಮ್ಮಿ, ಈ ಪುಟ ಮನೆಯಲ್ಲಿ ಓದಿಕೊಳ್ಳಿ ಎನ್ನುತ್ತಿದ್ದರು. ನಾವು ಅದನ್ನೇ ಮೊದಲು ಓದುತ್ತಿದ್ದೆವು.

ಕತ್ತರಿ, ಹೊಸ ಚೀಲ, ಬಿಸಿನೀರಿನ ಬಟ್ಟಲು ಹಿಡಿದು ಅತ್ತೆಯ ಕೋಣೆಗೆ ಹೋದಾಗ ಅವರು ಮಂಚದ ಅಂಚಿನಲ್ಲಿ ಎರಡೂ ಕೈಯಿಂದ ಸೆಟೆದ ಕಾಲಿನ ಮೀನಖಂಡ ಹಿಡಿದುಕೊಂಡು ಕೂತಿದ್ದರು. ತುಟಿ ಒಣಗಿ ಬಿಳಿಚಿತ್ತು. ಏಳಲು ನೋಡಿ, ಕಣ್ಣು ಕತ್ತಲೆಗಟ್ಟಿ ಹಾಗೇ ಹಿಂದಕ್ಕೆ ಒರಗಿದರು. ಎಷ್ಟೋ ಕೇಳಿದ ಮೇಲೆ ಬಾಯಿ ಬಿಟ್ಟರು: ಹಿಂದಿನ ದಿನ ಏಕಾದಶಿ, ಒಂದು ಹನಿ ನೀರೂ ಕುಡಿದಿರಲಿಲ್ಲ. ನಾನು ಇಟ್ಟುಹೋದ ಮಜ್ಜಿಗೆ, ಗಂಜಿ ಎಲ್ಲ ವಾಷ್‌ಬೇಸಿನ್ನಿಗೆ ಹೋಗಿತ್ತು. ಒಳಗೆ ಏನೂ ಹೋಗದಿದ್ದರೆ ಹೊರಗೆ ಏನೂ ಬರುವುದಿಲ್ಲ, ದ್ವಾದಶಿಯ ಬೆಳಿಗ್ಗೆಗೆ ಚೀಲ ಖಾಲಿ ಇರುತ್ತದೆ, ಸ್ನಾನ ಮಾಡಿ ಒಂದೇ ಒಂದು ಸಲ ದೇವರಿಗೆ ದೀಪ ಹಚ್ಚಬಹುದು ಎಂದು ಅವರ ಲೆಕ್ಕ. ಎಷ್ಟು ದಿನದಿಂದ ಹೀಗೆ ಅರ್ಧರ್ಧ ತಿಂದು ಅಭ್ಯಾಸ ಮಾಡುತ್ತಿದ್ದರೋ. ಚೀಲ ನೋಡಿದರೆ ನೀರುನೀರಾಗಿ ತುಂಬಿತ್ತು.

ನರ್ಸಮ್ಮನಿಗೆ ಫೋನ್ ಮಾಡಿದೆ. ಕೂಡಲೇ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಿ, ಒಂದು ಗಂಟೆಯಲ್ಲಿ ಸರಿಹೋಗದಿದ್ದರೆ ಕರೆದುಕೊಂಡು ಬನ್ನಿ, ಹೀಗೆ ನೀರು ಬಿಟ್ಟರೆ ಜೀವಕ್ಕೇ ಅಪಾಯ ಎಂದರು. ಚಮಚದಲ್ಲಿ ಕುಡಿಸುತ್ತ ಗಡಿಯಾರ ನೋಡುತ್ತ ಕೂತೆ. ಮುಕ್ಕಾಲು ಗಂಟೆಯ ಮೇಲೆ ಅತ್ತೆಯ ಕಣ್ಣಿಗೆ ಕಳೆ ಬಂತು. ಕಾಲು ಸಡಿಲಾಯಿತು.

ಹಳೆಯ ಚೀಲವನ್ನು ಮೆಲ್ಲನೆ ಬಿಡಿಸುವಾಗ ಅತ್ತೆ ಕೇಳಿದರು, “ನಿನ್ನೆಯಿಂದ ಎಂತದೂ ಮುಟ್ಟಲಿಲ್ಲ ಮಾರಾಯ್ತಿ. ಮತ್ತೆ ಇದು ಎಲ್ಲಿಂದ ಬರುದು?”

ನರ್ಸಮ್ಮ ಹೇಳಿದ್ದನ್ನೇ ಹೇಳಿದೆ. ನಾವು ತಿಂದರೂ ಬಿಟ್ಟರೂ ಒಳಗಿನ ಗ್ರಂಥಿಗಳು, ಪಿತ್ತಕೋಶ, ಕರುಳು ತಮ್ಮ ರಸವನ್ನು ಚೊಂಬುಗಟ್ಟಲೆ ಸುರಿಯುತ್ತಲೇ ಇರುತ್ತವೆ. ಉಪವಾಸ ನಮಗೆ, ಅವಕ್ಕಿಲ್ಲ. ಹೇಳುತ್ತ ಹೇಳುತ್ತ ನನಗೇ ಒಂದು ಥರ ಆಯಿತು. ಐವತ್ತು ವರ್ಷ ಈ ಮೈಯಲ್ಲಿದ್ದೂ, ಒಳಗೆ ಇಷ್ಟು ನೀರು ಹರಿಯುವ ಸದ್ದು ನನಗೆ ಕೇಳಿಸಿರಲಿಲ್ಲ.

ಅತ್ತೆ ಕ್ಯಾಲೆಂಡರಿನಿಂದ ಮುಖ ತಿರುಗಿಸಿದರು. ಕತ್ತು ಬಗ್ಗಿಸಿ ನೋಡಿದರು.

ಒದ್ದೆ ಬಟ್ಟೆಯಿಂದ ಒರೆಸಿದ್ದೆನಷ್ಟೆ. ದಾಳಿಂಬೆ ಕೆಂಪು, ಕೆನ್ನೆಯ ಒಳಮೈಯಂಥ ಹೊಳಪು. ನಾವಿಬ್ಬರೂ ನೋಡುತ್ತಿದ್ದಂತೆ ಅದು ತನ್ನಷ್ಟಕ್ಕೆ ಸುಕ್ಕಿ, ಮುಂದೆ ಬಂದು, ಮತ್ತೆ ಅರಳಿತು. ಯಾರೂ ಹೇಳಿಕೊಟ್ಟದ್ದಲ್ಲ.

“ಹಸುಗೂಸು ನಿದ್ದೆಯಲ್ಲಿ ಹಾಲು ಕುಡಿದ ಹಾಗೆ ಮಾಡ್ತದಲ್ಲ,” ಎಂದರು ಅತ್ತೆ. ಬಂಧುಗಳ ಮನೆಯ ಎಷ್ಟೋ ಬಾಣಂತನ ಮಾಡಿದ ಕೈ ಅವರದು. ಬೆರಳ ತುದಿಯಿಂದ ಮುಟ್ಟಿ, ನೋಯುವುದಿಲ್ಲವೆಂದು ಕಂಡು, ಇನ್ನೊಮ್ಮೆ ಮುಟ್ಟಿದರು. ಇದಕ್ಕೆ ಡಾಕ್ಟರು ಏನನ್ನುತ್ತಾರೆ ಎಂದು ಕೇಳಿದರು. ಬಾಯಿ ಅನ್ನುತ್ತಾರೆ ಎಂದೆ. ಎಲೆಯ ಕತೆಯನ್ನೂ ಹೇಳಿದೆ, ನಿಮ್ಮ ತುಳಸಿಯ ಒಂದೊಂದು ಎಲೆಯಲ್ಲೂ ಇಂಥವು ಲೆಕ್ಕವಿಲ್ಲದಷ್ಟು ಉಂಟು ಎಂದು. ಅವರು ಬಾಲ್ಕನಿಯ ಕಡೆ ನೋಡಿದರು. ನಾನು ಅಳತೆಗೆ ಸರಿಯಾಗಿ ಹೊಸ ಚೀಲದ ಅಂಟುವ ಬಿಲ್ಲೆಯಲ್ಲಿ ದುಂಡಗೆ ಕತ್ತರಿಸಿ, ಕೂರಿಸಿ, ಅಂಗೈಯ ಬಿಸಿ ತಾಗುವಂತೆ ಒತ್ತಿ ಹಿಡಿದೆ.

“ಎಂಜಲು ಇಲ್ಲದ ಬಾಯಿ ಉಂಟಾ?” ಎಂದರು ಹೊಟ್ಟೆಯನ್ನೇ ನೋಡುತ್ತ. “ಎಂಜಲಾದರೆ ಮುಕ್ಕಳಿಸಿ ಕೈ ತೊಳೆಯುದು. ಅದಕ್ಕೆ ಯಾರಾದರೂ ಅಡುಗೆಮನೆ ಬಿಡ್ತಾರಾ?”

ತಮಗೇ ಹೇಳಿಕೊಂಡದ್ದು. ಶಾಸ್ತ್ರ ಬಲ್ಲವರು ಒಪ್ಪುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಲೂ ಹೋಗಲಿಲ್ಲ. ಮಧ್ಯಾಹ್ನ ಉಪ್ಪು ಹಾಕಿದ ಗಂಜಿ ಒಂದು ಬಟ್ಟಲು ಕುಡಿದು, ಇನ್ನರ್ಧ ಬಟ್ಟಲು ಕೇಳಿದರು. ನಾನು ತಿರುಗಿ ನಿಂತು ಬಡಿಸಿದೆ, ಮುಖ ಅವರಿಗೆ ಕಾಣಬಾರದೆಂದು.

ಸಂಜೆ ಚೀಲ ಖಾಲಿ ಮಾಡಿ, ಸ್ನಾನ ಮುಗಿಸಿ, ಒಗೆದ ಸೀರೆ ಉಟ್ಟು ಬಂದವರು ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತರು. ಆಮೇಲೆ ಒಳಗೆ ಬಂದರು. ದೀಪ ಹಚ್ಚಿದರು. ನನ್ನ ಸಾರಿನ ಪುಡಿಯ ಡಬ್ಬಿ ತೆರೆದು ಮೂಸಿ, ಮುಚ್ಚಿಟ್ಟು, ಸ್ಟೂಲ್ ಎಳೆದುಕೊಂಡು ಕೂತು ಕೊತ್ತಂಬರಿ ಹುರಿಯತೊಡಗಿದರು. ನಾನು ಹುಣಿಸೆಹಣ್ಣು ಕಿವುಚಿಕೊಟ್ಟೆ. ಇಂಗಿನ ಒಗ್ಗರಣೆ ಬೀಳುವ ಹೊತ್ತಿಗೆ ಬೆಲ್ ಆಯಿತು. ಅತ್ತೆಯ ಸೌಟು ನಿಂತಿತು. ಕೋಣೆಯ ಕಡೆ ನೋಡಿದರು, ಆದರೆ ಏಳಲಿಲ್ಲ.

ಪಕ್ಕದ ಮಾಮಿ ಹೆಪ್ಪಿಗೆ ಮೊಸರು ಕೇಳಲು ಪುಟ್ಟ ಬಟ್ಟಲು ಹಿಡಿದು ನಿಂತಿದ್ದರು. ನಾನು ಬಟ್ಟಲು ಈಸಿಕೊಳ್ಳುತ್ತಿದ್ದಂತೆ ಮೂಗೆತ್ತಿ ಉಸಿರೆಳೆದು, ತಮ್ಮ ತಮಿಳುಗನ್ನಡದಲ್ಲಿ ಕೇಳಿದರು:

“ಎನ್ನಮ್ಮಾ, ಸಾರಿನ ವಾಸನೆ ಲಿಫ್ಟ್ ತನಕ ಬಂದಿದೆ. ನಿಮ್ಮತ್ತೆ ಊರಿಂದ ಬಂದುಬಿಟ್ಟರಾ?”