ಭಟ್ಟಿಯ ತೊಟ್ಟಿಯಲ್ಲಿ ಕೇಳಿದ ಸದ್ದು

ದೆವ್ವ, ಗಾಳಿ ಎಂದವರನ್ನು ಎದುರಿಗೇ ಗೇಲಿ ಮಾಡುತ್ತಿದ್ದವನು ನಾನು. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಅಳತೆಗೆ ಸಿಗದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಈಗಲೂ ಗೇಲಿ ಮಾಡಬೇಕೆನಿಸುತ್ತದೆ, ಬಾಯಿ ಬರುವುದಿಲ್ಲ.

ರಾಜ್ಯದಲ್ಲಿ ಸಾರಾಯಿ ನಿಂತ ಹೊಸತು. ಹರಪನಹಳ್ಳಿಯ ಹೊರಗೆ ಎಂದೋ ಮುಚ್ಚಿದ್ದ ಹಳೆಯ ಸಾರಾಯಿ ಭಟ್ಟಿಯನ್ನು ಕೆಡವುತ್ತಾರೆಂದು ಸುದ್ದಿ ಬಂತು. ಕುಡುಕರ ಕಟ್ಟಡಕ್ಕೆ ಯಾರು ಅಳುತ್ತಾರೆ? ನನಗೆ ಮಾತ್ರ ಹೊಟ್ಟೆ ಉರಿಯಿತು. ಎಂಥಾ ಕಲ್ಲುಗೋಡೆ, ಎಂಥಾ ತೇಗದ ತೊಲೆ! ಬೆಲ್ಲದ ನೀರು ಹುಳಿಯಿಡುತ್ತಿದ್ದ ಕಲ್ಲುತೊಟ್ಟಿ ಆಳೆತ್ತರಕ್ಕೂ ಮಿಗಿಲು. ತಳದ ಕೆಟ್ಟ ಗಾಳಿ ಹರಿದುಹೋಗಲು ಅಲ್ಲಿಂದ ಹೊರಗಿನ ತಗ್ಗಿಗೆ ಒಂದು ಗಾಳಿಕಿಂಡಿ. ಭಟ್ಟಿ ಮುಚ್ಚಿದ ಮೇಲೆ ಅಲ್ಲಿ ಶೇಂಗಾ ತುಂಬಿದವರು ಇಲಿ ಬರುತ್ತವೆಂದು ಅದನ್ನು ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ನಕ್ಷೆಯನ್ನಾದರೂ ಉಳಿಸೋಣವೆಂದು ಟೇಪು ಹಿಡಿದು ಹೋದೆ.

ಜೊತೆಗೆ ಬಂದವರು ಮೋಟಾರು ರಿಪೇರಿಯ ಇಮಾಮ್‌ಸಾಬರು. ಹರೆಯದಲ್ಲಿ ಅಣ್ಣನೊಂದಿಗೆ ಅಲ್ಲೇ ದುಡಿದವರು. ತೊಟ್ಟಿ ತೊಳೆಯಲು ಒಬ್ಬ ಇಳಿದರೆ ಇನ್ನೊಬ್ಬ ಅಂಚಿನಲ್ಲಿ ಕೂತು ಕಲ್ಲಿನಿಂದ ಮೂರು ಸಲ ಬಡಿಯಬೇಕಿತ್ತಂತೆ; ಕೆಳಗಿನವನು ಮೂರು ಸಲ ಬಡಿದು ಉತ್ತರಿಸಬೇಕು. ತಳದಲ್ಲಿ ಕೆಟ್ಟ ಗಾಳಿ ತುಂಬಿದೆಯೇ ಎಂದು ನೋಡಲು ದೀಪ ಇಳಿಸೋಣವೆಂದರೆ ಸಾರಾಯಿ ಇದ್ದಲ್ಲಿಗೆ ಬೆಂಕಿ ತರುವಂತಿರಲಿಲ್ಲ. ಅಣ್ಣ ಇದೇ ತೊಟ್ಟಿಯಲ್ಲಿ ಸತ್ತನೆಂದಷ್ಟೇ ಹೇಳಿದರು.

ಮಧ್ಯಾಹ್ನ ನಮಾಜಿಗೆ ಹೊರಟವರು, "ನಾ ಬರೂತನಕ ಇಳೀಬ್ಯಾಡ್ರಿ ಮೇಷ್ಟ್ರೇ, ಕೈ ಮುಗೀತೀನಿ" ಎಂದರು. ಹೂಂ ಅಂದೆ. ಅವರು ಮರೆಯಾದದ್ದೇ ತಡ, ಏಣಿ ಇಳಿದೆ. ನನ್ನ ಹಟ ಅಂಥದ್ದು.

ಕೊಳೆತ ಎಲೆಗಳ ನಡುವೆ ನಿಂತು ಅಳತೆ ಬರೆಯುತ್ತಿದ್ದಾಗ ಮೇಲೆ ಟಕ್ ಟಕ್ ಟಕ್. ಇಷ್ಟು ಬೇಗ ಬಂದರಲ್ಲ ಎಂದುಕೊಂಡು ನಾನೂ ಮೂರು ಬಡಿದೆ. ಮತ್ತೆ ಮೂರು ಬಂತು, ಮತ್ತೆ ಉತ್ತರಿಸಿದೆ. ಆಮೇಲೆ ಸದ್ದು ನಿಲ್ಲಲೇ ಇಲ್ಲ. ಒಂದೇ ಸಮನೆ ಬಡಿತ. ತಲೆ ಸಿಡಿಯತೊಡಗಿತು. "ಸಾಕು ನಿಲ್ಸ್ರಿ ಸಾಬ್ರೇ!" ಎಂದು ಕೂಗಿದರೂ ನಿಲ್ಲದಿದ್ದಾಗ, ಬೈಯಲೆಂದೇ ತಡವರಿಸುತ್ತ ಏಣಿ ಹತ್ತಿದೆ. ಅಂಚಿನಲ್ಲಿ ಯಾರೂ ಇರಲಿಲ್ಲ. ಅಲ್ಲೇ ಎಚ್ಚರ ತಪ್ಪಿ ಬಿದ್ದೆ.

ಇಮಾಮ್‌ಸಾಬರು ಬಂದು ಮುಖಕ್ಕೆ ನೀರು ಚಿಮುಕಿಸಿದರು. ಕಾಗದ ಹೊತ್ತಿಸಿ ತೊಟ್ಟಿಗೆ ಬಿಟ್ಟರು; ಅರ್ಧದಲ್ಲೇ ಆರಿತು. ನಡೆದದ್ದನ್ನು ಹೇಳಿದೆ.

"ಒಂದೇ ಸಮ ಬಡೀತಾ?" ಅವರ ಮುಖ ಕಪ್ಪಿಟ್ಟಿತು. "ಕೂಡ್ಲೇ ಮ್ಯಾಲ ಬಾ ಅನ್ನೋ ಗುರ್ತು ಅದು. ನಿಮಗ ನಾ ಅದನ್ನ ಹೇಳೇ ಇರ್ಲಿಲ್ಲಲ್ರಿ."

ಸ್ವಲ್ಪ ಹೊತ್ತಿಗೆ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತರು. "ಅವತ್ತು ಅಣ್ಣ ಇಳಿದಾಗ ಮ್ಯಾಲ ಕುಂತಾವ ನಾನರಿ. ಬೀಡಿ ಸೇದಾಕ ಹೊರಗ ಹೋಗಿದ್ದೆ. ನಾ ಬಡೀಲಿಲ್ರಿ ಮೇಷ್ಟ್ರೇ, ಬಡೀಲಿಲ್ಲ."

ಕೆಟ್ಟ ಗಾಳಿ ಕುಡಿದ ತಲೆಯಲ್ಲಿ ಇಲ್ಲದ ಸದ್ದು ಕೇಳುತ್ತದೆ ಎಂದು ಡಾಕ್ಟರು ಹೇಳಿದರು. ಇರಬಹುದು. ನನಗೆ ಗೊತ್ತೇ ಇರದ ಗುರುತನ್ನು ನನ್ನ ತಲೆ ಎಲ್ಲಿಂದ ತಂದಿತು? ಆ ಪ್ರಶ್ನೆ ಹಾಗೇ ಇದೆ. ಭಟ್ಟಿ ಹೋಯಿತು. ನಕ್ಷೆಯಲ್ಲಿ ತೊಟ್ಟಿಯ ಅಳತೆ ಅರ್ಧಕ್ಕೇ ನಿಂತಿದೆ.

ಅಂದು ಹೊರಡುವ ಮುನ್ನ ಇಮಾಮ್‌ಸಾಬರು ತೊಟ್ಟಿಯ ಅಂಚಿನಲ್ಲಿ ಕೂತು, ಒಂದು ಕಲ್ಲು ಎತ್ತಿಕೊಂಡು, ಒಂದೇ ಸಮನೆ ಬಡಿಯತೊಡಗಿದರು. ಕೈ ಹಿಡಿದು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.